ಕೀಲಿಕೈ ಬೇಡ, ಚೀಟಿ ಸಾಕು: ಒಂದು ಜಾಲತಾಣ ಇನ್ನೊಂದರ ಮಾತು ನಂಬುವುದು ಹೇಗೆ?



ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ನಮ್ಮ ಗಡಿಭಾಗದ ಮನೆಗಳಲ್ಲಿ ಒಂದೇ ಮಾತು: ಮುಂದೆ ಎಲ್ಲಿ ಓದಬೇಕು? ಕಬನೂರ, ಇಚಲಕರಂಜಿಯಿಂದ ಕರ್ನಾಟಕದ ಗಡಿ ದೂರವಿಲ್ಲ. ಕೆಲವರು ಇಲ್ಲೇ ಅಥವಾ ಕೊಲ್ಹಾಪುರದಲ್ಲಿ ಕಾಲೇಜು ಸೇರುತ್ತಾರೆ. ಇನ್ನು ಕೆಲವರು ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿ ಕಡೆ ನೋಡುತ್ತಾರೆ. ಹಾಗೆ ಗಡಿ ದಾಟಿದರೆ ನಿಮ್ಮ ಅಂಕಪಟ್ಟಿ ಕೊಟ್ಟದ್ದು ಮಹಾರಾಷ್ಟ್ರದ ಮಂಡಳಿ, ಅದನ್ನು ಕೇಳುವುದು ಕರ್ನಾಟಕದ ಕಾಲೇಜು. ಒಬ್ಬರಿಗೊಬ್ಬರು ಮುಖ ನೋಡಿದವರಲ್ಲ.

ಈಗ ಅರ್ಜಿ ತುಂಬುವುದು ಅಂತರ್ಜಾಲದಲ್ಲಿ. ಪ್ರವೇಶದ ಜಾಲತಾಣಕ್ಕೆ ಎರಡು ಸಂಗತಿ ಖಚಿತವಾಗಬೇಕು. ಅರ್ಜಿ ತುಂಬುತ್ತಿರುವುದು ನೀವೇ ಹೌದೋ? ಈ ಅಂಕಗಳು ನಿಜವಾಗಿ ನಿಮ್ಮವೇ ಹೌದೋ? ಇದನ್ನು ಖಚಿತ ಮಾಡಲು ನಮ್ಮಲ್ಲಿ ನಡೆದಿರುವ ಪದ್ಧತಿ ನಿಮಗೆ ಗೊತ್ತೇ ಇದೆ. ನೆಟ್ ಸೆಂಟರಿಗೆ ಹೋಗುವುದು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಡುವುದು, "ಒಟಿಪಿ ಬಂದದ ನೋಡು, ಲಗೂನ ಹೇಳು" ಅಂದ ಕೂಡಲೇ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿಬಿಡುವುದು!

ಇದಕ್ಕಿಂತ ಚೆನ್ನಾದ ದಾರಿಯನ್ನು ಗಣಕ ವಿಜ್ಞಾನ ಕಂಡುಹಿಡಿದು ಹತ್ತಾರು ವರ್ಷಗಳಾದವು. ಆ ದಾರಿ ಯಾವುದು, ಅದರ ಹಿಂದಿನ ಗಣಿತ ಏನು ಎನ್ನುವುದನ್ನು ಈ ಪಾಠದಲ್ಲಿ ನೋಡೋಣ. ಅದು ತಿಳಿದರೆ "ಒಟಿಪಿ ಯಾರಿಗೂ ಹೇಳಬೇಡಿ" ಎಂಬ ಮಾತು ಬರೀ ಉಪದೇಶವಾಗಿ ಉಳಿಯುವುದಿಲ್ಲ, ಅದರ ಕಾರಣವೂ ಗೊತ್ತಾಗುತ್ತದೆ.

1. ಎರಡು ಬೇರೆ ಬೇರೆ ಪ್ರಶ್ನೆಗಳು

ಮೊದಲು ಪರೀಕ್ಷೆಯ ಹಾಲ್ ಟಿಕೆಟ್ ನೆನಪು ಮಾಡಿಕೊಳ್ಳಿ. ಕೊಠಡಿಯ ಮೇಲ್ವಿಚಾರಕರು ಅದರಲ್ಲಿರುವ ಫೋಟೋ ಮತ್ತು ನಿಮ್ಮ ಮುಖ ಎರಡನ್ನೂ ನೋಡುತ್ತಾರೆ. "ನೀನು ಯಾರು?" ಎಂಬ ಪ್ರಶ್ನೆಗೆ ಅದು ಉತ್ತರ. ಇದನ್ನು ಗುರುತಿನ ಖಾತರಿ ಎನ್ನೋಣ. ಅದೇ ಹಾಲ್ ಟಿಕೆಟಿನಲ್ಲಿ ನೀವು ಬರೆಯಬೇಕಾದ ವಿಷಯಗಳ ಪಟ್ಟಿಯೂ ಇರುತ್ತದೆ. "ನಿನಗೆ ಯಾವುದಕ್ಕೆ ಅವಕಾಶ ಇದೆ?" ಎಂಬ ಪ್ರಶ್ನೆಗೆ ಅದು ಉತ್ತರ. ಇದು ಅನುಮತಿ.

ಈ ಎರಡೂ ಒಂದೇ ಅಲ್ಲ. ನೀವು ನೀವೇ ಎಂದು ಸಾಬೀತಾದರೂ ಪಟ್ಟಿಯಲ್ಲಿಲ್ಲದ ವಿಷಯದ ಪರೀಕ್ಷೆ ಬರೆಯಲು ಬಿಡುವುದಿಲ್ಲ. ಅಂತರ್ಜಾಲದಲ್ಲಿ ಆಗುವ ಎಷ್ಟೋ ಮೋಸಗಳು ಈ ಎರಡು ಪ್ರಶ್ನೆಗಳನ್ನು ಕಲಬೆರಕೆ ಮಾಡುವುದರಿಂದ ಹುಟ್ಟುತ್ತವೆ. ಒಂದು ಅಂಕಪಟ್ಟಿ ತೋರಿಸಲು ಅನುಮತಿ ಕೊಟ್ಟರೆ ಸಾಕಾಗಿದ್ದ ಕಡೆ, ನಾವು ನಮ್ಮ ಗುರುತನ್ನೇ ಬಿಟ್ಟುಕೊಡುತ್ತೇವೆ.

2. ಮರೆಗುಳಿ ಸರ್ವರ್

ನೀವು ಬ್ರೌಸರ್‌ನಲ್ಲಿ ಒಂದು ಪುಟ ತೆರೆದಾಗ, ದೂರದಲ್ಲಿರುವ ಸರ್ವರ್ ಎಂಬ ಗಣಕಕ್ಕೆ "ಈ ಪುಟ ಕೊಡು" ಎಂಬ ಕೋರಿಕೆ ಹೋಗುತ್ತದೆ. ಸರ್ವರ್ ಅದನ್ನು ಕಳಿಸುತ್ತದೆ. ಈ ಮಾತುಕತೆಯ ನಿಯಮಗಳಿಗೆ ಎಚ್‌ಟಿಟಿಪಿ ಎಂದು ಹೆಸರು. ಅದರ ಒಂದು ಗುಣ ವಿಚಿತ್ರ: ಅದಕ್ಕೆ ನೆನಪು ಎಂಬುದೇ ಇಲ್ಲ. ಈಗಷ್ಟೇ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರು ಮರುಕ್ಷಣ ಇನ್ನೊಂದು ಪುಟ ಕೇಳಿದರೆ, ಅದು ಹೊಸಬರ ಕೋರಿಕೆಯಂತೆಯೇ ಕಾಣುತ್ತದೆ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಕಂಡುಹಿಡಿದ. ನೀವು ಒಳಗೆ ಬಂದ ಕೂಡಲೇ ಸರ್ವರ್ ಒಂದು ಸಣ್ಣ ಗುರುತಿನ ಸಂಖ್ಯೆಯನ್ನು ನಿಮ್ಮ ಬ್ರೌಸರ್‌ಗೆ ಕೊಡುತ್ತದೆ. ಅದೇ ಕುಕಿ. ಮುಂದೆ ಪ್ರತಿ ಕೋರಿಕೆಯ ಜತೆಗೂ ಬ್ರೌಸರ್ ಆ ಕುಕಿಯನ್ನು ತೋರಿಸುತ್ತದೆ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆ ಇದ್ದಂತೆ ಇದು. ಬಿಲ್ಲೆ ಇದ್ದವರಿಗೆ ಚಪ್ಪಲಿ. ಬಿಲ್ಲೆ ಹಿಡಿದವರು ಅದೇ ಮನುಷ್ಯರೋ ಅಲ್ಲವೋ ಎಂದು ಕಾಯುವವರು ನೋಡುವುದಿಲ್ಲ.

ಆದ್ದರಿಂದಲೇ ನೆಟ್ ಸೆಂಟರಿನಲ್ಲಿ ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು, ಲಾಗ್ ಔಟ್ ಮಾಡಲೇಬೇಕು. ಕಿಟಕಿ ಮುಚ್ಚಿದರೂ ಬಿಲ್ಲೆ ಆ ಗಣಕದಲ್ಲೇ ಉಳಿದಿರಬಹುದು. ಲಾಗ್ ಔಟ್ ಒತ್ತಿದಾಗ "ಈ ಬಿಲ್ಲೆ ಇನ್ನು ನಡೆಯುವುದಿಲ್ಲ" ಎಂದು ಸರ್ವರ್ ತನ್ನ ವಹಿಯಲ್ಲಿ ಹೊಡೆದುಹಾಕುತ್ತದೆ.

3. ಡೊಮೇನ್ ಎಂಬ ಗಡಿ

ಪ್ರತಿ ಜಾಲತಾಣಕ್ಕೂ ಒಂದು ವಿಳಾಸ ಇರುತ್ತದೆ. ಅದಕ್ಕೆ ಡೊಮೇನ್ ಎನ್ನುತ್ತಾರೆ. ಡೊಮೇನ್ ಅನ್ನು ಅಂಚೆ ವಿಳಾಸದ ಹಾಗೆ ಓದಬೇಕು. "ಕಬನೂರ, ತಾಲೂಕು ಹಾತಕಣಂಗಲೆ, ಜಿಲ್ಲೆ ಕೊಲ್ಹಾಪುರ, ಮಹಾರಾಷ್ಟ್ರ" ಎಂದು ಬರೆದಾಗ ಚಿಕ್ಕದು ಮೊದಲು, ದೊಡ್ಡದು ಕೊನೆಗೆ ಬರುತ್ತದೆ ಅಲ್ಲವೇ? ಡೊಮೇನ್ ಕೂಡ ಹಾಗೇ. "ಡಿಜಿಲಾಕರ್ ಡಾಟ್ ಗವ್ ಡಾಟ್ ಇನ್" ಎಂಬಲ್ಲಿ ಕೊನೆಯ "ಗವ್ ಡಾಟ್ ಇನ್" ಮುಖ್ಯವಾದ ಭಾಗ. ಅದು ಭಾರತದ ಸರಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಹೆಸರು. ಮೋಸಗಾರರು ಇದೇ ಹೆಸರನ್ನು ಮುಂದೆ ಇಟ್ಟು, ಕೊನೆಗೆ ಬೇರೇನೋ "ಡಾಟ್ ಕಾಮ್" ಅಂಟಿಸುತ್ತಾರೆ. ಮೊದಲ ಅಕ್ಷರಗಳನ್ನು ನೋಡಿ ನಂಬುವವರು ಸಿಕ್ಕಿಬೀಳುತ್ತಾರೆ. ಹಾಗಾಗಿ ಡೊಮೇನ್ ಅನ್ನು ಯಾವಾಗಲೂ ಬಾಲದಿಂದ ತಲೆಯ ಕಡೆಗೆ ಓದಿರಿ.

ಒಂದು ಡೊಮೇನ್ ಕೊಟ್ಟ ಕುಕಿಯನ್ನು ಬ್ರೌಸರ್ ಇನ್ನೊಂದು ಡೊಮೇನಿಗೆ ಕಳಿಸುವುದಿಲ್ಲ. ಈ ದೇವಸ್ಥಾನದ ಬಿಲ್ಲೆಯನ್ನು ಆ ದೇವಸ್ಥಾನದಲ್ಲಿ ತೋರಿಸಿ ಏನು ಉಪಯೋಗ? ಇನ್ನೊಂದು ಕಟ್ಟುಪಾಡೂ ಇದೆ. ಒಂದು ತಾಣದ ಪುಟದಲ್ಲಿ ಓಡುತ್ತಿರುವ ಕಾರ್ಯಕ್ರಮವು ಬೇರೆ ತಾಣದಿಂದ ಬಂದ ಉತ್ತರವನ್ನು ಓದಲು ಹೋದರೆ ಬ್ರೌಸರ್ ಅದನ್ನು ತಡೆಯುತ್ತದೆ. 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನಲ್ಲೇ ಈ ನಿಯಮ ಬಂತು. ಇದನ್ನು "ಒಂದೇ ಮೂಲದ ನಿಯಮ" ಎನ್ನಬಹುದು. ಇದು ಇಲ್ಲದೇ ಹೋಗಿದ್ದರೆ, ನೀವು ಒಂದು ಕಿಟಕಿಯಲ್ಲಿ ಬ್ಯಾಂಕಿನ ಖಾತೆ ತೆರೆದಿಟ್ಟು ಇನ್ನೊಂದರಲ್ಲಿ ಯಾವುದೋ ಆಟದ ತಾಣಕ್ಕೆ ಹೋದಾಗ, ಆ ಆಟದ ತಾಣ ನಿಮ್ಮ ಖಾತೆಯ ವಿವರವನ್ನೆಲ್ಲ ಓದಿಬಿಡುತ್ತಿತ್ತು.

ಆದರೆ ಪೂರ್ತಿ ಗಡಿ ಮುಚ್ಚಿದರೂ ಕೆಲಸ ನಡೆಯದು. ಹವಾಮಾನದ ಮಾಹಿತಿ ಒಂದು ತಾಣದಲ್ಲಿರುತ್ತದೆ, ನಕ್ಷೆ ಇನ್ನೊಂದರಲ್ಲಿ, ಅಂಕಪಟ್ಟಿ ಮತ್ತೊಂದರಲ್ಲಿ. ಹೀಗೆ ಒಂದು ತಾಣದ ಕಾರ್ಯಕ್ರಮ ಇನ್ನೊಂದು ತಾಣಕ್ಕೆ ಕೆಲಸ ಹೇಳಲು ಇಟ್ಟಿರುವ ಕಿಟಕಿಗೆ ಎಪಿಐ ಎಂದು ಹೆಸರು. ಬ್ಯಾಂಕಿನ ಕಿಟಕಿಯ ಹಾಗೆ: ಒಳಗೆ ನುಗ್ಗುವಂತಿಲ್ಲ, ಗೊತ್ತಾದ ನಮೂನೆಯಲ್ಲಿ ಕೇಳಬೇಕು, ಗೊತ್ತಾದ ನಮೂನೆಯಲ್ಲೇ ಉತ್ತರ ಬರುತ್ತದೆ.

ಬೇರೆ ಮೂಲದ ಪುಟಗಳಿಗೆ ಈ ಕಿಟಕಿ ತೆರೆಯಲು ಒಂದು ಶಿಸ್ತುಬದ್ಧ ಕ್ರಮವಿದೆ. 2014ರ ಜನವರಿಯಲ್ಲಿ ಡಬ್ಲ್ಯುತ್ರೀಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಅದರ ಪ್ರಕಾರ, ಕೆಲವು ಬಗೆಯ ಕೋರಿಕೆ ಕಳಿಸುವ ಮುಂಚೆ ಬ್ರೌಸರ್ ಮೊದಲು ಸರ್ವರ್ ಅನ್ನು ಕೇಳುತ್ತದೆ: "ಇಂಥ ತಾಣದ ಪುಟದಿಂದ ಕೋರಿಕೆ ಬಂದಿದೆ, ಕಳಿಸಲೇ?" ಸರ್ವರ್ "ಹೂಂ, ಆ ತಾಣ ನನ್ನ ಪಟ್ಟಿಯಲ್ಲಿದೆ" ಎಂದರೆ ಮಾತ್ರ ಮುಂದಿನ ಹೆಜ್ಜೆ. ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲರಿಗೂ ತೆರೆದ ಮಾಹಿತಿಯಾದರೆ ಸರ್ವರ್ "ಯಾರು ಬೇಕಾದರೂ ಬರ್ರಿ" ಎಂದು ಹೇಳಬಹುದು. ಆದರೆ ಕೋರಿಕೆಯ ಜತೆ ಕುಕಿ ಬರುವುದಾದರೆ ಹಾಗೆ ಹೇಳಿದರೆ ನಡೆಯುವುದಿಲ್ಲ. ಯಾವ ತಾಣಕ್ಕೆ ಅವಕಾಶ ಎಂದು ಹೆಸರು ಹಿಡಿದೇ ಹೇಳಬೇಕು, ಇಲ್ಲವಾದರೆ ಬ್ರೌಸರ್ ಆ ಉತ್ತರವನ್ನು ಪುಟದ ಕೈಗೆ ಕೊಡುವುದಿಲ್ಲ.

ಒಂದು ಮಾತು ಗಮನದಲ್ಲಿರಲಿ. ಇದು ಬ್ರೌಸರ್ ಕಾಯುವ ಗಡಿ. ಎರಡು ಸರ್ವರ್‌ಗಳು ನೇರವಾಗಿ ಮಾತಾಡುವಾಗ ನಡುವೆ ಬ್ರೌಸರ್ ಇರುವುದಿಲ್ಲ, ಹಾಗಾಗಿ ಈ ಕಾವಲೂ ಇರುವುದಿಲ್ಲ. ಅಲ್ಲಿ ಬೇರೆ ವ್ಯವಸ್ಥೆ ಬೇಕು. ಅದೇ ಮುಂದಿನ ವಿಷಯ.

4. ಗೋದಾಮಿನ ಕೀಲಿಕೈ

ನಮ್ಮ ಊರಿನ ಪವರ್‌ಲೂಮ್ ಕಾರಖಾನೆಯನ್ನೇ ತೆಗೆದುಕೊಳ್ಳಿ. ಮಾಲಕರ ಬಟ್ಟೆ ಗೋದಾಮಿನಲ್ಲಿದೆ. ವ್ಯಾಪಾರಿಯೊಬ್ಬರಿಗೆ 4 ತಾಗಾ ಕಳಿಸಬೇಕು. ಒಯ್ಯಲು ಹಮಾಲ ಬಂದಿದ್ದಾನೆ. ಮಾಲಕರ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು, ಗೋದಾಮಿನ ಕೀಲಿಕೈಯನ್ನೇ ಹಮಾಲನ ಕೈಗೆ ಕೊಡುವುದು. ಕೆಲಸ ಬೇಗ ಆಗುತ್ತದೆ. ಆದರೆ ಅವನು 4ರ ಬದಲು 40 ತಾಗಾ ಒಯ್ದರೆ ತಡೆಯುವವರಿಲ್ಲ. ಕೀಲಿಕೈಗೆ ನಕಲು ಮಾಡಿಸಿಕೊಂಡರೆ ನಾಳೆಯೂ ಬರಬಹುದು. ಅವನು ಒಳ್ಳೆಯವನೇ ಆಗಿದ್ದರೂ ದಾರಿಯಲ್ಲಿ ಕೀಲಿಕೈ ಬಿದ್ದುಹೋದರೆ ಸಿಕ್ಕವರ ಪಾಲು. ಆಮೇಲೆ ಕೀಲಿಯನ್ನೇ ಬದಲಿಸಬೇಕು, ಆಗ ಉಳಿದವರೆಲ್ಲರ ಕೀಲಿಕೈಗಳೂ ದಂಡ.

ಎರಡನೆಯದು, ಚೀಟಿ ಬರೆಯುವುದು: "ಇವನಿಗೆ 4 ತಾಗಾ ಕೊಡಿ. ಇವತ್ತು ಸಂಜೆಯ ತನಕ ಮಾತ್ರ." ಕೆಳಗೆ ಮಾಲಕರ ಸಹಿ. ಗೋದಾಮಿನ ದಿವಾಣಜಿ ಸಹಿ ನೋಡುತ್ತಾರೆ, 4 ಎಣಿಸಿ ಕೊಡುತ್ತಾರೆ, ಚೀಟಿ ಇಟ್ಟುಕೊಳ್ಳುತ್ತಾರೆ. ಚೀಟಿ ಕಳೆದರೂ ನಷ್ಟ ಹೆಚ್ಚೆಂದರೆ 4 ತಾಗಾ, ಅದೂ ಸಂಜೆಯೊಳಗೆ.

ಪಾಸ್‌ವರ್ಡ್ ಅಂದರೆ ಕೀಲಿಕೈ. ಚೀಟಿಗೆ ಗಣಕ ಲೋಕದಲ್ಲಿ ಟೋಕನ್ ಎಂದು ಹೆಸರು. ಟೋಕನ್‌ನಲ್ಲಿ ಮೂರು ಮಿತಿಗಳಿರಬೇಕು: ಯಾರಿಗೆ, ಯಾವುದಕ್ಕೆ, ಎಲ್ಲಿಯ ತನಕ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇಪ್ಪತ್ತು ವರ್ಷಗಳ ಹಿಂದೆ ಜಗತ್ತಿನ ಎಷ್ಟೋ ಜಾಲತಾಣಗಳು ಕೀಲಿಕೈಯನ್ನೇ ಕೇಳುತ್ತಿದ್ದವು. "ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ, ನಿಮ್ಮ ಇಮೇಲ್ ಪಾಸ್‌ವರ್ಡ್ ಕೊಡಿ" ಎನ್ನುತ್ತಿದ್ದವು. ಜನ ಕೊಡುತ್ತಲೂ ಇದ್ದರು. ಇದು ಸರಿಯಲ್ಲ ಎಂದು ಕೆಲವು ತಂತ್ರಜ್ಞರು ಕೂಡಿ ಚೀಟಿಯ ನಿಯಮಗಳನ್ನು ಬರೆದರು. ಅದಕ್ಕೆ ಓಆಥ್ ಎಂದು ಹೆಸರಿಟ್ಟರು. ಮೊದಲ ರೂಪ 2007ರ ಡಿಸೆಂಬರ್‌ನಲ್ಲಿ ಬಂತು. ಈಗ ಎಲ್ಲೆಡೆ ಬಳಕೆಯಲ್ಲಿರುವ ಎರಡನೆಯ ರೂಪ ಪ್ರಕಟವಾದದ್ದು 2012ರ ಅಕ್ಟೋಬರ್‌ನಲ್ಲಿ. "ಗೂಗಲ್ ಮೂಲಕ ಸೈನ್ ಇನ್ ಮಾಡಿ" ಎಂಬ ಗುಂಡಿ ನೋಡಿದ್ದೀರಲ್ಲ, ಅದರ ಬುಡದಲ್ಲಿರುವುದು ಇದೇ.

5. ನಿಮ್ಮ ಅಂಕಪಟ್ಟಿ ಗಡಿ ದಾಟುವ ಬಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಭಾರತ ಸರಕಾರದ ಡಿಜಿಲಾಕರ್ ವ್ಯವಸ್ಥೆ 2015ರ ಜುಲೈ 1ರಂದು ಡಿಜಿಟಲ್ ಇಂಡಿಯಾ ಕಾರ್ಯಕ್ರಮದ ಜತೆ ಆರಂಭವಾಯಿತು. ಮಹಾರಾಷ್ಟ್ರ ಮಂಡಳಿಯ ಅಂಕಪಟ್ಟಿಯೂ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ಅದರಲ್ಲಿ ಸಿಗುತ್ತವೆ. ದಾಖಲೆ ಕೊಟ್ಟ ಸಂಸ್ಥೆಯಿಂದ ನೇರವಾಗಿ ಅಲ್ಲಿಗೆ ಬಂದ ದಾಖಲೆಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ನಿಯಮಗಳ ಪ್ರಕಾರ, ಕಾಗದದ ಮೂಲ ಪ್ರತಿಯಷ್ಟೇ ಬೆಲೆ ಇದೆ. ನೀವೇ ಫೋಟೋ ತೆಗೆದು ಏರಿಸಿದ ಪ್ರತಿಗೆ ಆ ಬೆಲೆ ಇಲ್ಲ, ಈ ವ್ಯತ್ಯಾಸ ನೆನಪಿಡಿ.

ಒಂದು ಪ್ರವೇಶ ಜಾಲತಾಣವು ಡಿಜಿಲಾಕರ್‌ನಿಂದ ನಿಮ್ಮ ಅಂಕಪಟ್ಟಿ ತರಿಸಿಕೊಳ್ಳುತ್ತದೆ ಎಂದು ಇಟ್ಟುಕೊಳ್ಳಿ. ಡಿಜಿಲಾಕರ್ ಇದಕ್ಕೆ ಓಆಥ್ ಪದ್ಧತಿಯನ್ನೇ ಬಳಸುತ್ತದೆ. ಹೆಜ್ಜೆಗಳು ಹೀಗಿರುತ್ತವೆ:

ಹೆಜ್ಜೆ 1: ಪ್ರವೇಶ ತಾಣದಲ್ಲಿ "ಡಿಜಿಲಾಕರ್‌ನಿಂದ ತನ್ನಿ" ಎಂಬ ಗುಂಡಿ ಒತ್ತುತ್ತೀರಿ. ಕೂಡಲೇ ನಿಮ್ಮ ಬ್ರೌಸರ್ ಡಿಜಿಲಾಕರ್‌ನ ಸ್ವಂತ ಪುಟಕ್ಕೆ ಹೋಗುತ್ತದೆ. ಹೋಗುವಾಗ "ನನ್ನನ್ನು ಕಳಿಸಿದ್ದು ಇಂಥ ತಾಣ" ಎಂಬ ಸಂಖ್ಯೆಯನ್ನು ಒಯ್ಯುತ್ತದೆ.

ಹೆಜ್ಜೆ 2: ಮೇಲಿನ ವಿಳಾಸ ಪಟ್ಟಿ ನೋಡಿ ಅದು ಡಿಜಿಲಾಕರೇ ಎಂದು ಖಚಿತಪಡಿಸಿಕೊಂಡು, ಅಲ್ಲಿ ನಿಮ್ಮ ಮೊಬೈಲ್ ಸಂಖ್ಯೆ, ಆರು ಅಂಕಿಯ ಪಿನ್, ಒಟಿಪಿ ಕೊಡುತ್ತೀರಿ. ಇದು ಗುರುತಿನ ಖಾತರಿ. ಇವನ್ನು ಪ್ರವೇಶ ತಾಣ ನೋಡುವುದೇ ಇಲ್ಲ.

ಹೆಜ್ಜೆ 3: "ಈ ತಾಣಕ್ಕೆ ಇಂಥ ದಾಖಲೆ ತೋರಿಸಲು ಒಪ್ಪಿಗೆಯೇ?" ಎಂದು ಡಿಜಿಲಾಕರ್ ಕೇಳುತ್ತದೆ. ಇದು ಅನುಮತಿ. ಇಲ್ಲಿ ಅವಸರ ಮಾಡಬೇಡಿ. ಬೇಡದ ದಾಖಲೆಗಳ ಮೇಲಿನ ಗುರುತು ತೆಗೆಯಲು ಸಾಧ್ಯವಿದ್ದರೆ ತೆಗೆಯಿರಿ. ಅಂಕಪಟ್ಟಿ ಕೇಳಿದವರಿಗೆ ಅಂಕಪಟ್ಟಿ ಮಾತ್ರ.

ಹೆಜ್ಜೆ 4: ಒಪ್ಪಿದ ಮೇಲೆ ಬ್ರೌಸರ್ ಪ್ರವೇಶ ತಾಣಕ್ಕೆ ಮರಳುತ್ತದೆ. ಬರುವಾಗ ಒಂದು ಸಂಕೇತ ತರುತ್ತದೆ. ಇದು ಒಂದೇ ಸಲ ನಡೆಯುವ, ಸ್ವಲ್ಪ ಹೊತ್ತು ಮಾತ್ರ ಬಾಳುವ ಸಂಕೇತ. ಮರಳಿ ಬರುವ ವಿಳಾಸವನ್ನು ಆ ತಾಣ ಮೊದಲೇ ಡಿಜಿಲಾಕರ್‌ನಲ್ಲಿ ನೋಂದಾಯಿಸಿರುತ್ತದೆ. ಬೇರೆ ವಿಳಾಸಕ್ಕೆ ಸಂಕೇತ ಹೋಗುವುದಿಲ್ಲ.

ಹೆಜ್ಜೆ 5: ಈಗ ಪ್ರವೇಶ ತಾಣದ ಸರ್ವರ್ ಡಿಜಿಲಾಕರ್ ಸರ್ವರ್ ಜತೆ ನೇರವಾಗಿ ಮಾತಾಡುತ್ತದೆ. ನೀವು ತಂದ ಸಂಕೇತವನ್ನೂ ತನ್ನ ಗುರುತನ್ನೂ ಕೊಟ್ಟು ಟೋಕನ್ ಪಡೆಯುತ್ತದೆ.

ಹೆಜ್ಜೆ 6: ಆ ಟೋಕನ್ ಅನ್ನು ಎಪಿಐ ಕಿಟಕಿಯಲ್ಲಿ ತೋರಿಸಿ ಅಂಕಪಟ್ಟಿ ಪಡೆಯುತ್ತದೆ.

ಕೆಲವರಿಗೆ ಒಂದು ಸಂಶಯ ಬಂದಿರಬಹುದು. ನಾಲ್ಕನೆಯ ಹೆಜ್ಜೆಯಲ್ಲೇ ಟೋಕನ್ ಕೊಟ್ಟರಾಗದೇ? ನಡುವೆ ಸಂಕೇತ ಯಾಕೆ? ಕಾರಣ ಇದೆ. ಬ್ರೌಸರ್ ಮೂಲಕ ಹೋಗುವುದು ವಿಳಾಸ ಪಟ್ಟಿಯಲ್ಲಿ ಕಾಣಬಹುದು, ಬ್ರೌಸರ್‌ನ ಇತಿಹಾಸದಲ್ಲಿ ಉಳಿಯಬಹುದು. ಅಲ್ಲಿ ಸಂಕೇತ ಬೇರೆಯವರ ಕಣ್ಣಿಗೆ ಬಿದ್ದರೂ ತಾಣದ ಗುಟ್ಟು ಅವರ ಬಳಿ ಇಲ್ಲದ್ದರಿಂದ ಟೋಕನ್ ಸಿಗುವುದಿಲ್ಲ. ನಿಜವಾದ ಚೀಟಿ ಕೈಬದಲಾಗುವುದು ಎರಡು ಸರ್ವರ್‌ಗಳ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ.

ಆಧಾರ್ ಕೂಡ ಇಂಥದೇ ವಿಚಾರದ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಹುಟ್ಟಿ, ಧಾರವಾಡದಲ್ಲೂ ಕೆಲವು ವರ್ಷ ಓದಿದ ನಂದನ್ ನಿಲೇಕಣಿ ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರು. ಮೊದಲ ಆಧಾರ್ ಸಂಖ್ಯೆಗಳನ್ನು 2010ರ ಸೆಪ್ಟೆಂಬರ್ 29ರಂದು ನಮ್ಮ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭಲಿ ಗ್ರಾಮದಲ್ಲಿ ಕೊಡಲಾಯಿತು. ಒಂದು ಸಂಸ್ಥೆ "ಈ ಬೆರಳಚ್ಚು ಈ ಸಂಖ್ಯೆಯವರದೇ?" ಎಂದು ಕೇಳಿದರೆ, ಸರಳ ದೃಢೀಕರಣದಲ್ಲಿ ಆಧಾರ್ ಎಪಿಐ "ಹೌದು" ಅಥವಾ "ಅಲ್ಲ" ಎಂದಷ್ಟೇ ಹೇಳುತ್ತದೆ. ತನ್ನಲ್ಲಿರುವ ಬೆರಳಚ್ಚನ್ನು ತೆಗೆದು ಕೊಡುವುದಿಲ್ಲ. ಕೇಳಿದ್ದಕ್ಕೆ ಬೇಕಾದಷ್ಟೇ ಉತ್ತರ.

6. ಸಹಿ ಸುಳ್ಳಲ್ಲ ಎಂದು ಗೊತ್ತಾಗುವುದು ಹೇಗೆ?

ಹಮಾಲ ಚೀಟಿಯಲ್ಲಿ 4 ಅನ್ನು ತಿದ್ದಿ 5 ಮಾಡಿದರೆ? ಕಾಗದದ ಚೀಟಿಯಲ್ಲಿ ದಿವಾಣಜಿಯ ಕಣ್ಣೇ ಪರೀಕ್ಷಕ. ಗಣಕದಲ್ಲಿ ಗಣಿತವೇ ಪರೀಕ್ಷಕ.

ಟೋಕನ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಬರೀ ಊಹಿಸಲಾಗದ ಉದ್ದ ಸಂಖ್ಯೆ ಇರುತ್ತದೆ, ಕೊಟ್ಟವರ ವಹಿ ತೆರೆದು ನೋಡಿದರೆ ಮಾತ್ರ ಅದರ ಅರ್ಥ ಗೊತ್ತಾಗುತ್ತದೆ. ಇನ್ನೊಂದರಲ್ಲಿ ವಿವರ ಮತ್ತು ಸಹಿ ಎರಡೂ ಟೋಕನ್ ಒಳಗೇ ಇರುತ್ತವೆ. ಎರಡನೆಯ ಬಗೆಗೆ 2015ರಲ್ಲಿ ಒಂದು ಮಾನಕ ಬಂತು, ಅದರ ಹೆಸರು ಜೆಡಬ್ಲ್ಯುಟಿ. ಸಹಿ ಮಾಡಲು ಒಂದಕ್ಕಿಂತ ಹೆಚ್ಚು ವಿಧಾನಗಳಿವೆ. ಅವುಗಳಲ್ಲಿ ಪ್ರಸಿದ್ಧವಾದ ಒಂದನ್ನು 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. ನಿಮಗೆ ಗುಣಾಕಾರ, ಭಾಗಾಕಾರ ಬಂದರೆ ಸಾಕು, ಅದನ್ನು ಈಗಲೇ ಮಾಡಿ ನೋಡಬಹುದು.

ಮಾಡಿ ನೋಡಿ:

ಎರಡು ಅವಿಭಾಜ್ಯ ಸಂಖ್ಯೆಗಳನ್ನು ತೆಗೆದುಕೊಳ್ಳೋಣ: 3 ಮತ್ತು 11. ಗುಣಿಸಿದರೆ 33. ಮಾಲಕರು ಎಲ್ಲರಿಗೂ ಗೊತ್ತಾಗುವಂತೆ ಎರಡು ಸಂಖ್ಯೆ ಸಾರುತ್ತಾರೆ: 33 ಮತ್ತು 3. ಒಂದು ಸಂಖ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ: 7.

ಸಹಿ ಮಾಡುವುದು: ಚೀಟಿಯ ಮಾತು 4. ಅದರ 7ನೆಯ ಘಾತ 16384. ಅದನ್ನು 33ರಿಂದ ಭಾಗಿಸಿದರೆ ಶೇಷ 16. ಇದೇ ಸಹಿ. ಚೀಟಿಯಲ್ಲಿ ಬರೆಯುವುದು: "ಮಾತು 4, ಸಹಿ 16".

ಪರೀಕ್ಷಿಸುವುದು: ದಿವಾಣಜಿಗೆ 7 ಗೊತ್ತಿಲ್ಲ, 33 ಮತ್ತು 3 ಮಾತ್ರ ಗೊತ್ತು. ಅವರು ಸಹಿಯ 3ನೆಯ ಘಾತ ತೆಗೆಯುತ್ತಾರೆ. 16 × 16 × 16 = 4096. ಅದನ್ನು 33ರಿಂದ ಭಾಗಿಸಿದರೆ ಶೇಷ 4. ಚೀಟಿಯ ಮಾತೂ 4. ಸಹಿ ನಿಜ!

ಮೋಸ ಮಾಡುವುದು: ಹಮಾಲ "ಮಾತು 5, ಸಹಿ 16" ಎಂದು ತಿದ್ದಿದ. ದಿವಾಣಜಿ ಲೆಕ್ಕ ಮಾಡಿದರೆ ಮತ್ತೆ 4 ಬರುತ್ತದೆ. ಚೀಟಿಯಲ್ಲಿ 5 ಇದೆ. ಸಿಕ್ಕಿಬಿದ್ದ. 5ಕ್ಕೆ ಸರಿಯಾದ ಸಹಿ 14. ಅದನ್ನು ಮಾಡಲು ಗುಟ್ಟಿನ 7 ಬೇಕು.

ಇದರ ಸೊಗಸು ಗಮನಿಸಿ. ಸಹಿ ಮಾಡಬಲ್ಲವರು ಒಬ್ಬರೇ, ಪರೀಕ್ಷಿಸಬಲ್ಲವರು ಎಲ್ಲರೂ. ಪರೀಕ್ಷಿಸಲು ಗುಟ್ಟನ್ನು ಯಾರಿಗೂ ಹೇಳಬೇಕಾಗಿಲ್ಲ. ಒಂದು ಡೊಮೇನ್ ಕೊಟ್ಟ ಚೀಟಿಯನ್ನು ಇನ್ನೊಂದು ಡೊಮೇನ್ ನಂಬಲು ಸಾಧ್ಯವಾಗುವುದು ಇದರಿಂದಲೇ.

"ಸರ್, 33ನ್ನು 3 ಮತ್ತು 11 ಎಂದು ಒಡೆಯುವುದು ಐದನೆಯ ತರಗತಿಯ ಮಗುವಿಗೂ ಬರುತ್ತದೆ, ಒಡೆದರೆ ಗುಟ್ಟು 7 ಸಿಗುತ್ತದಲ್ಲ?" ಎಂದು ನೀವು ಕೇಳಿದರೆ, ಅದು ಸರಿಯಾದ ಪ್ರಶ್ನೆ. ಹಾಗಾಗಿ ನಿಜವಾದ ಬಳಕೆಯಲ್ಲಿ 33ರ ಜಾಗದಲ್ಲಿ ಸುಮಾರು 617 ಅಂಕಿಗಳ ಸಂಖ್ಯೆ ಇರುತ್ತದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಗಣಕಕ್ಕೆ ಕ್ಷಣದ ಕೆಲಸ. ಗುಣಲಬ್ಧವನ್ನು ಮತ್ತೆ ಒಡೆಯುವುದು ಇಂದಿನ ಯಾವ ಗಣಕಕ್ಕೂ ಸಾಧ್ಯವಾಗಿಲ್ಲ. ತರಗತಿಯಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠ ಬಂದಾಗ "ಇದರಿಂದ ಏನು ಉಪಯೋಗ?" ಎಂದು ಕೇಳುವವರಿಗೆ ಇದೇ ಉತ್ತರ.

ಇನ್ನೊಂದು ಮಾತು: ಜೆಡಬ್ಲ್ಯುಟಿಗೆ ಸಹಿ ಇರುತ್ತದೆ, ಆದರೆ ಸಾಮಾನ್ಯವಾಗಿ ಅದರ ವಿವರ ಗುಟ್ಟಲ್ಲ. ಅಂಚೆ ಕಾರ್ಡಿನ ಹಾಗೆ ಯಾರು ಬೇಕಾದರೂ ಓದಬಹುದು, ತಿದ್ದಲಾಗದು ಅಷ್ಟೇ. ಆದ್ದರಿಂದ ಅದರೊಳಗೆ ಪಾಸ್‌ವರ್ಡ್‌ನಂಥ ಗುಟ್ಟುಗಳನ್ನು ಬರೆಯಬಾರದು.

7. ಒಟಿಪಿ ಹೇಳಿದರೆ ಇದೆಲ್ಲ ನೀರಿನಲ್ಲಿ ಹೋಮ

ಆರು ಅಂಕಿಗಳ ಒಟಿಪಿ 000000ದಿಂದ 999999ರ ತನಕ ಯಾವುದಾದರೂ ಆಗಬಹುದು, ಅಂದರೆ 10 ಲಕ್ಷ ಸಾಧ್ಯತೆಗಳು. ಮೂರೇ ಸಲ ಪ್ರಯತ್ನಿಸಲು ಬಿಟ್ಟರೆ, ಕುರುಡಾಗಿ ಊಹಿಸುವವನು ಗೆಲ್ಲುವ ಸಂಭವ 10 ಲಕ್ಷದಲ್ಲಿ 3. ಹಾಗಾಗಿ ಮೋಸಗಾರರು ಊಹಿಸುವ ಗೋಜಿಗೇ ಹೋಗುವುದಿಲ್ಲ, ನಿಮ್ಮನ್ನೇ ಕೇಳುತ್ತಾರೆ. ಒಟಿಪಿಯ ಅರ್ಥ ಇಷ್ಟೇ: "ಈ ಮೊಬೈಲ್ ಈಗ ನನ್ನ ಕೈಯಲ್ಲಿದೆ." ಅದನ್ನು ಬೇರೆಯವರಿಗೆ ಹೇಳಿದಿರಿ ಎಂದರೆ ಆ ಹೊತ್ತಿನ ಮಟ್ಟಿಗೆ ಸರ್ವರ್ ಕಣ್ಣಿಗೆ ಅವರೇ ನೀವು. ಚೀಟಿಯ ಇಷ್ಟೆಲ್ಲ ಏರ್ಪಾಡು ಮಾಡಿ, ಕೊನೆಗೆ ಕೀಲಿಕೈಯನ್ನೇ ಕೊಟ್ಟಂತಾಯಿತು.

ನೆಟ್ ಸೆಂಟರಿನವರು ಕಳ್ಳರು ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಗಣಕ ಇಲ್ಲದ ನಮ್ಮ ಎಷ್ಟೋ ಮಕ್ಕಳ ಅರ್ಜಿ ತುಂಬಿಕೊಟ್ಟವರು ಅವರೇ. ಆದರೆ ಅವಸರದಲ್ಲಿ ಒಂದು ತಪ್ಪು ಪದ್ಧತಿ ಬೆಳೆದಿದೆ. ಅರ್ಜಿಯಲ್ಲಿ ವಿದ್ಯಾರ್ಥಿಯ ಮೊಬೈಲ್ ಜಾಗದಲ್ಲಿ ಸೆಂಟರಿನವರ ಸಂಖ್ಯೆಯೇ ಬೀಳುತ್ತದೆ. ತಂದೆ ಪಾಳಿಯ ಮೇಲೆ ಮಗ್ಗದ ಹತ್ತಿರ ಇರುತ್ತಾರೆ, ಮನೆಗೆ ಒಂದೇ ಮೊಬೈಲ್, "ಈಗ ನಮ್ಮ ನಂಬರ್ ಹಾಕೂಣ" ಎನ್ನುತ್ತಾರೆ. ಮುಂದೆ ಸೀಟು ಹಂಚಿಕೆಯ ಸಂದೇಶ, ಹಣ ಕಟ್ಟುವ ಕೊನೆಯ ದಿನಾಂಕ, ಪಾಸ್‌ವರ್ಡ್ ಬದಲಿಸುವ ಒಟಿಪಿ ಎಲ್ಲ ಆ ಸಂಖ್ಯೆಗೇ ಹೋಗುತ್ತವೆ. ಅವರ ಬಳಿ ಅಂಥ ನೂರಾರು ಅರ್ಜಿಗಳು. ನಿಮ್ಮ ಸಂದೇಶ ಅದರಲ್ಲಿ ಮುಳುಗಿದರೆ ಹೋಗುವುದು ನಿಮ್ಮ ಸೀಟು.

8. ಪ್ರವೇಶದ ದಿನ ಬರುವ ಮುಂಚೆ ಮಾಡಿಟ್ಟುಕೊಳ್ಳಿ

• ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾವುದು, ಅದು ಈಗ ಚಾಲೂ ಇದೆಯೇ ಎಂದು ಮನೆಯಲ್ಲಿ ಕೇಳಿ. ಹಳೆಯ ಸಿಮ್ ಬಂದಾಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಬದಲಿಸಿಕೊಳ್ಳಿ. ಕೊನೆಯ ದಿನ ಓಡಾಡಿದರೆ ಆಗದು.

• ಆಧಾರ್‌ನಲ್ಲಿ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇದೆಯೇ ನೋಡಿ. ಕನ್ನಡದ ಹೆಸರು ಮರಾಠಿಯಲ್ಲಿ ಬರೆದು, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ನಮ್ಮ ಭಾಗದಲ್ಲಿ ಅಕ್ಷರ ಬದಲಾಗುವುದು ಸಾಮಾನ್ಯ. ಗಣಕಕ್ಕೆ ಒಂದು ಅಕ್ಷರ ಬೇರೆಯಾದರೂ ಮನುಷ್ಯನೇ ಬೇರೆ, ದಾಖಲೆ ಸಿಗದೇ ಹೋಗಬಹುದು.

• ಡಿಜಿಲಾಕರ್ ಖಾತೆಯನ್ನು ಪಾಲಕರ ಜತೆ ಕೂತು ನೀವೇ ತೆರೆಯಿರಿ. ಪಿನ್‌ಗೆ ಹುಟ್ಟಿದ ದಿನಾಂಕ ಇಡಬೇಡಿ.

• ನೆಟ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದರೂ ಮೊಬೈಲ್ ಸಂಖ್ಯೆ ಮನೆಯದೇ ಇರಲಿ. ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಬಾಯಿಂದ ಹೇಳದೆ, "ಕಾಕಾ, ನಾ ಒತ್ತತೀನಿ" ಎಂದು ಹೇಳಿ ನೀವೇ ಕೀಲಿಮಣೆಯಲ್ಲಿ ಒತ್ತಿ. ಇದರಲ್ಲಿ ಸಂಕೋಚ ಬೇಡ.

• ಎದ್ದು ಬರುವ ಮುಂಚೆ ಲಾಗ್ ಔಟ್ ಮಾಡಿ. "ಪಾಸ್‌ವರ್ಡ್ ಉಳಿಸಲೇ?" ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ.

• ಏನಾದರೂ ಮೋಸವಾಗಿ ಹಣ ಹೋದರೆ ತಡ ಮಾಡದೆ ಪಾಲಕರಿಂದ 1930ಕ್ಕೆ ಫೋನ್ ಮಾಡಿಸಿ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ನೆನಪಿಡಿ

ಗುರುತಿನ ಖಾತರಿ ಬೇರೆ, ಅನುಮತಿ ಬೇರೆ. ಗುರುತನ್ನು ಸಾಬೀತುಪಡಿಸುವುದು ಅದನ್ನು ಕೊಟ್ಟ ತಾಣದ ಪುಟದಲ್ಲಿ ಮಾತ್ರ. ಉಳಿದ ತಾಣಗಳಿಗೆ ಹೋಗಬೇಕಾದದ್ದು ಮಿತಿ ಇರುವ, ಅವಧಿ ಇರುವ ಟೋಕನ್. ಸಹಿಯನ್ನು ಎಲ್ಲರೂ ಪರೀಕ್ಷಿಸಬಹುದು, ಗುಟ್ಟು ಇದ್ದವರು ಮಾತ್ರ ಮಾಡಬಹುದು.

ಪ್ರಶ್ನೆಗಳು

1. ಕುಕಿ ಮತ್ತು ಪಾಸ್‌ವರ್ಡ್ ನಡುವಿನ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

2. ಮಾತು 2 ಆದರೆ, 33 ಮತ್ತು ಗುಟ್ಟಿನ 7 ಬಳಸಿ ಸಹಿ ಕಂಡುಹಿಡಿಯಿರಿ. ನಂತರ 3ನೆಯ ಘಾತ ತೆಗೆದು ಪರೀಕ್ಷಿಸಿ.

3. ಒಟಿಪಿ ನಾಲ್ಕೇ ಅಂಕಿಗಳದ್ದಾಗಿದ್ದು, ಮೂರು ಸಲ ಪ್ರಯತ್ನಿಸಲು ಅವಕಾಶ ಇದ್ದರೆ ಊಹಿಸಿ ಗೆಲ್ಲುವ ಸಂಭವ ಎಷ್ಟು?

4. ಟೋಕನ್‌ಗೆ ಅವಧಿ ಇಲ್ಲದಿದ್ದರೆ ಏನು ತೊಂದರೆ? ಗೋದಾಮಿನ ಚೀಟಿಯ ಉದಾಹರಣೆಯಿಂದ ವಿವರಿಸಿ.

5. ಮನೆಯಲ್ಲಿ ವಿಚಾರಿಸಿ ಬನ್ನಿ: ನಿಮ್ಮ ಆಧಾರ್‌ಗೆ ಜೋಡಿಸಿದ ಮೊಬೈಲ್ ಈಗ ಯಾರ ಕೈಯಲ್ಲಿದೆ? ಉತ್ತರ ಯಾರಿಗೂ ತೋರಿಸುವುದು ಬೇಡ, ನಿಮಗೆ ಗೊತ್ತಿದ್ದರೆ ಸಾಕು.